ಅನಿಲ ಎತ್ತ ಹರಿಯುತ್ತಿದೆ? ಗೆಲಾಕ್ಸಿಗಳ ರೋಹಿತ ಹೇಳುವ ನಕ್ಷತ್ರ ಜನನದ ಲೆಕ್ಕ

ಪರದೆಯ ಮೇಲೆ ಈಗ ಎರಡು ಚಿತ್ರಗಳಿವೆ. ಎಡಗಡೆ ಇರುವುದು ಎಂ82 ಎಂಬ ಗೆಲಾಕ್ಸಿ. ಸಪ್ತರ್ಷಿ ಮಂಡಲದ ಕಡೆ, ನಮ್ಮಿಂದ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಅಂಚಿನ ಕಡೆಯಿಂದ ಕಾಣುವ ಉದ್ದನೆಯ ಬಿಳಿ ತಟ್ಟೆ. ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಚಿಮ್ಮಿದಂತಿರುವ ಕೆಂಪು ಎಳೆಗಳು. ಬಲಗಡೆ ಇರುವುದು ಒಂದು ಗ್ರಾಫು. ಸಣ್ಣಗೆ ಏರಿಳಿಯುತ್ತ ಸಾಗುವ ಗೆರೆ, ಅದರ ಮೇಲೆ ಅಲ್ಲಲ್ಲಿ ಥಟ್ಟನೆ ಎದ್ದುನಿಂತ ಚೂಪು ಶಿಖರಗಳು. ಅದು ಅದೇ ಗೆಲಾಕ್ಸಿಯ ಬೆಳಕಿನ ರೋಹಿತ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ, ತರಂಗಾಂತರದ ಪ್ರಕಾರ ಬಿಡಿಸಿಟ್ಟ ನಕ್ಷೆ. ನಿಮ್ಮೆಲ್ಲರ ಕಣ್ಣು ಎಡಗಡೆಗೇ ಹೋಗುತ್ತಿದೆ, ಸಹಜ. ಇವತ್ತು ನಾನು ಮಾತಾಡುವುದು ಬಲಗಡೆಯದರ ಬಗ್ಗೆ.

ಕೆಂಪು ಎಳೆಗಳು ‘ಚಿಮ್ಮಿದಂತಿವೆ’ ಎಂದೆ. ಆದರೆ ಚಿಮ್ಮುತ್ತಿವೆ ಎಂದು ಈ ಫೋಟೋ ನೋಡಿ ಯಾರೂ ಹೇಳಲಾರರು. ಅವು ಒಳಕ್ಕೆ ಬೀಳುತ್ತಿರಬಹುದು, ಸುಮ್ಮನೆ ನಿಂತಿರಲೂಬಹುದು. ಇನ್ನು ನೂರು ವರ್ಷ ಬಿಟ್ಟು ಇದೇ ಜಾಗದ ಫೋಟೋ ತೆಗೆದರೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಅನಿಲ ಸೆಕೆಂಡಿಗೆ 600 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಂಡರೂ, ನೂರು ವರ್ಷಕ್ಕೆ ಅದು ಸಾಗುವುದು ಜ್ಯೋತಿರ್ವರ್ಷದ ಐದನೇ ಒಂದು ಭಾಗ ಮಾತ್ರ. 1.2 ಕೋಟಿ ಜ್ಯೋತಿರ್ವರ್ಷ ದೂರದಿಂದ ನೋಡುವವರಿಗೆ ಅದು ಅಲುಗಾಡಿದ ಹಾಗೂ ಕಾಣುವುದಿಲ್ಲ. ಹಾಗಿದ್ದೂ ಆ ಅನಿಲ ಹೊರಕ್ಕೇ ಹೋಗುತ್ತಿದೆ, ಇಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ನಾವು ಖಚಿತವಾಗಿ ಹೇಳುತ್ತೇವೆ. ಹಾಗೆ ಹೇಳುವ ಧೈರ್ಯ ಕೊಟ್ಟದ್ದು ಬಲಗಡೆಯ ಗ್ರಾಫು.

ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ಯಾಕೆ ಹುಟ್ಟುತ್ತವೆ ಎಂಬ ಪ್ರಶ್ನೆ ನನಗೆ ಅಷ್ಟು ಕಷ್ಟದ್ದಾಗಿ ಕಾಣುವುದಿಲ್ಲ. ತಣ್ಣಗಿನ ಅನಿಲ ಒಂದು ಕಡೆ ಸಾಕಷ್ಟು ಸೇರಿದರೆ ಗುರುತ್ವ ಅದನ್ನು ಕುಗ್ಗಿಸುತ್ತದೆ, ಕುಗ್ಗಿದ್ದು ಕಾಯುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ನಿಜವಾಗಿ ತಲೆಕೆಡಿಸುವ ಪ್ರಶ್ನೆ ಇದರ ತಿರುವುಮುರುವು: ಅನಿಲವೆಲ್ಲ ಯಾವತ್ತೋ ನಕ್ಷತ್ರವಾಗಿ ಮುಗಿದುಹೋಗದೆ ಇನ್ನೂ ಯಾಕೆ ಉಳಿದಿದೆ? ಉತ್ತರ ಇರುವುದು ಅನಿಲದ ಚಲನೆಯಲ್ಲಿ. ಚಲನೆಯನ್ನು ಅಳೆಯಲು ನಮಗಿರುವ ಸಾಧನ ರೋಹಿತ.

ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ. ಜರ್ಮನಿಯ ಫ್ರೌನ್‌ಹೋಫರ್ 1814ರಲ್ಲಿ ಸೂರ್ಯನ ರೋಹಿತದಲ್ಲಿ ಐನೂರಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಗುರುತಿಸಿದ. ಅವು ಯಾತಕ್ಕೆ ಇವೆ ಎಂದು ಅವನಿಗೆ ತಿಳಿದಿರಲಿಲ್ಲ. 1859–60ರ ಹೊತ್ತಿಗೆ ಕಿರ್ಕಾಫ್ ಮತ್ತು ಬುನ್ಸೆನ್ ಒಂದೊಂದು ಧಾತುವಿಗೂ ಅದರದೇ ರೇಖೆಗಳಿವೆ ಎಂದು ತೋರಿಸಿಕೊಟ್ಟರು. ಕಾದ ತೆಳು ಅನಿಲ ತನ್ನ ರೇಖೆಗಳಲ್ಲಿ ಹೊಳೆಯುತ್ತದೆ, ಗ್ರಾಫಿನ ಚೂಪು ಶಿಖರಗಳು ಇವೇ. ಅದೇ ಅನಿಲ ಇನ್ನೂ ಬಿಸಿಯಾದ ಬೆಳಕಿನ ಮುಂದೆ ನಿಂತರೆ ಅದೇ ರೇಖೆಗಳಲ್ಲಿ ಬೆಳಕನ್ನು ನುಂಗುತ್ತದೆ. 1864ರಲ್ಲಿ ಲಂಡನ್ನಿನ ವಿಲಿಯಂ ಹಗಿನ್ಸ್ ತನ್ನ ದೂರದರ್ಶಕವನ್ನು ಈಗ ಬೆಕ್ಕಿನ ಕಣ್ಣು ಎಂದು ಕರೆಯುವ ನೀಹಾರಿಕೆಯ ಕಡೆ ತಿರುಗಿಸಿದಾಗ ಕಾಮನಬಿಲ್ಲಿನ ಪಟ್ಟಿ ಕಾಣಲಿಲ್ಲ, ಬರೀ ಪ್ರಕಾಶಮಾನ ರೇಖೆ ಕಂಡಿತು. ಅಲ್ಲಿರುವುದು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲ ಎಂದು ಒಂದೇ ನೋಟದಲ್ಲಿ ತೀರ್ಮಾನವಾಯಿತು.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು, ಅದರ ನೆರಳು ದಕ್ಷಿಣ ಭಾರತದ ಮೇಲೆ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದದ್ದು ಎಲ್ಲರಿಗೂ ಗೊತ್ತು, ಹೀಲಿಯಂ ಧಾತು ಪತ್ತೆಯಾದ ಕಥೆಯ ಜತೆ ಆ ಹೆಸರು ಬಂದೇ ಬರುತ್ತದೆ. ಅದೇ ದಿನ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಇಟ್ಟುಕೊಂಡು ಕುಳಿತಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಅಡ್ಡ ಬರುತ್ತಿದ್ದ ಮೋಡಗಳ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕು ಬಿಡಿ ಬಿಡಿ ರೇಖೆಗಳಾಗಿ ಒಡೆದದ್ದನ್ನು ಅವನು ನೋಡಿದ. ಕೆಂಪು, ಕಿತ್ತಳೆ, ನೀಲಿ. ಅಂದರೆ ಜ್ವಾಲೆಗಳೂ ಹೊಳೆಯುವ ಅನಿಲವೇ. ಆ ಕೆಂಪು ರೇಖೆ ಜಲಜನಕದ್ದು, ಇವತ್ತು ಎಚ್-ಆಲ್ಫಾ ಎಂದು ಕರೆಯುವುದು ಅದನ್ನೇ. ನಿಮ್ಮ ಮುಂದಿರುವ ಎಂ82ರ ಎಳೆಗಳ ಕೆಂಪು ಬಣ್ಣ ಕೂಡ ಅದೇ ರೇಖೆಯಿಂದ ಬಂದದ್ದು.

ಎಚ್-ಆಲ್ಫಾ ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಜಲಜನಕದ ಪರಮಾಣುವಿನಲ್ಲಿ ಎಲೆಕ್ಟ್ರಾನು ಮೂರನೇ ಮಟ್ಟದಿಂದ ಎರಡನೇ ಮಟ್ಟಕ್ಕೆ ಇಳಿದಾಗ 656.3 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಹೊರಡುತ್ತದೆ. ಆದರೆ ಗೆಲಾಕ್ಸಿಯ ಅನಿಲದಲ್ಲಿ ಎಲೆಕ್ಟ್ರಾನು ಮೂರನೇ ಮಟ್ಟಕ್ಕೆ ಹೋದದ್ದಾದರೂ ಹೇಗೆ? ಬಹುಪಾಲು ಹೀಗೆ: ಪಕ್ಕದಲ್ಲೆಲ್ಲೋ ಇರುವ ತುಂಬ ಬಿಸಿಯ ನಕ್ಷತ್ರದ ನೇರಳಾತೀತ ಬೆಳಕು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಹಾಗೆ ಕೀಳಬೇಕಾದರೆ ಆ ಬೆಳಕಿನ ತರಂಗಾಂತರ 91.2 ನ್ಯಾನೋಮೀಟರಿಗಿಂತ ಕಡಿಮೆ ಇರಬೇಕು. ಆಮೇಲೆ ಯಾವುದೋ ಎಲೆಕ್ಟ್ರಾನು ಮತ್ತೆ ಬಂದು ಸೇರುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಇಂಥ ನೂರು ಮರುಸೇರ್ಪಡೆಗಳಲ್ಲಿ ಸುಮಾರು 45ರಲ್ಲಿ ಎಚ್-ಆಲ್ಫಾ ಬೆಳಕು ಹೊರಬರುತ್ತದೆ. ಹಾಗಾಗಿ ಎಚ್-ಆಲ್ಫಾ ಎಷ್ಟಿದೆ ಎಂದು ಅಳೆದರೆ ಅದರ ಹಿಂದೆ ನೇರಳಾತೀತ ಬೆಳಕು ಎಷ್ಟಿತ್ತು ಎಂದು ತಿಳಿಯುತ್ತದೆ.

ಆ ನೇರಳಾತೀತ ಬೆಳಕನ್ನು ಸೂರ್ಯನಂಥ ನಕ್ಷತ್ರ ಕೊಡಲಾರದು. ಕೊಡುವುದು ಸೂರ್ಯನಿಗಿಂತ ಹದಿನೈದು, ಇಪ್ಪತ್ತು, ಐವತ್ತು ಪಟ್ಟು ತೂಕದ ನಕ್ಷತ್ರಗಳು. ಅವುಗಳ ಆಯುಸ್ಸು ಬಹಳ ಕಡಿಮೆ, ಒಂದು ಕೋಟಿ ವರ್ಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ ಎಂಬುದನ್ನು ನೆನಪಿಡಿ. ಆದ್ದರಿಂದ ಗೆಲಾಕ್ಸಿಯ ಒಂದು ಮೂಲೆಯಲ್ಲಿ ಎಚ್-ಆಲ್ಫಾ ಹೊಳೆಯುತ್ತಿದೆ ಎಂದರೆ ಅಲ್ಲಿ ನಕ್ಷತ್ರಗಳು ಈಚೆಗಷ್ಟೇ ಹುಟ್ಟಿವೆ, ಹುಟ್ಟುತ್ತಲೂ ಇವೆ. ಭಾರಿ ನಕ್ಷತ್ರಗಳ ಜತೆ ಸಣ್ಣವು ಯಾವ ಪ್ರಮಾಣದಲ್ಲಿ ಹುಟ್ಟುತ್ತವೆ ಎಂಬುದನ್ನು ಬೇರೆ ವೀಕ್ಷಣೆಗಳಿಂದ ತಿಳಿದುಕೊಂಡಿದ್ದೇವೆ. ಎರಡನ್ನೂ ಸೇರಿಸಿದರೆ ಈ ಗೆಲಾಕ್ಸಿ ವರ್ಷಕ್ಕೆ ಎಷ್ಟು ಸೂರ್ಯರ ತೂಕದ ಅನಿಲವನ್ನು ನಕ್ಷತ್ರವಾಗಿಸುತ್ತಿದೆ ಎಂಬ ಅಂಕಿ ಸಿಗುತ್ತದೆ. ಅಮೆರಿಕದ ರಾಬರ್ಟ್ ಕೆನಿಕಟ್ 1980 ಮತ್ತು 90ರ ದಶಕಗಳಲ್ಲಿ ಈ ವಿಧಾನವನ್ನು ಹದಗೊಳಿಸಿದರು. ನಮ್ಮ ಆಕಾಶಗಂಗೆಯ ಲೆಕ್ಕ ವರ್ಷಕ್ಕೆ ಒಂದೆರಡು ಸೂರ್ಯರಷ್ಟು.

ದೂಳಿನ ತೊಡಕೊಂದಿದೆ. ನಕ್ಷತ್ರ ಹುಟ್ಟುವ ಜಾಗದಲ್ಲಿ ದೂಳು ದಟ್ಟ, ಅದು ಬೆಳಕನ್ನು ನುಂಗುತ್ತದೆ, ನಾವು ನಕ್ಷತ್ರಗಳನ್ನು ಕಡಿಮೆ ಎಣಿಸಿಬಿಡುತ್ತೇವೆ. ಆದರೆ ಎಷ್ಟು ಬೆಳಕು ಕಳೆದುಹೋಯಿತು ಎಂಬ ಲೆಕ್ಕವೂ ರೋಹಿತದೊಳಗೇ ಇದೆ. ಜಲಜನಕಕ್ಕೆ 486.1 ನ್ಯಾನೋಮೀಟರಿನಲ್ಲಿ ಎಚ್-ಬೀಟಾ ಎಂಬ ಇನ್ನೊಂದು ರೇಖೆಯಿದೆ. ದೂಳೇ ಇಲ್ಲದಿದ್ದರೆ ಎಚ್-ಆಲ್ಫಾ ಅದರ 2.86 ಪಟ್ಟು ಇರಬೇಕು ಎಂದು ಪರಮಾಣು ಭೌತಶಾಸ್ತ್ರ ಹೇಳುತ್ತದೆ. ದೂಳು ನೀಲಿಯನ್ನು ಹೆಚ್ಚು ನುಂಗುತ್ತದೆ, ಕೆಂಪನ್ನು ಕಡಿಮೆ. ಅಳತೆಯಲ್ಲಿ ಈ ಅನುಪಾತ 4 ಅಥವಾ 5 ಬಂತೆಂದರೆ ನಡುವೆ ಎಷ್ಟು ದೂಳಿದೆ ಎಂದು ಲೆಕ್ಕ ಹಾಕಿ ಸರಿಪಡಿಸಬಹುದು. ಇನ್ನೂ ಒಂದು ಎಚ್ಚರಿಕೆ ಬೇಕು: ಕೆಲವು ಗೆಲಾಕ್ಸಿಗಳ ನಡುವಿನ ಕಪ್ಪುಕುಳಿಯ ಸುತ್ತ ಹೊರಡುವ ಬೆಳಕೂ ಅನಿಲವನ್ನು ಹೊಳೆಯಿಸುತ್ತದೆ. ಅದನ್ನು ನಕ್ಷತ್ರಗಳ ಕೆಲಸ ಎಂದು ತಪ್ಪಾಗಿ ಎಣಿಸಬಾರದು. ಬಾಲ್ಡ್ವಿನ್, ಫಿಲಿಪ್ಸ್, ಟೆರ್ಲೆವಿಚ್ ಎಂಬ ಮೂವರು 1981ರಲ್ಲಿ ಆಮ್ಲಜನಕ, ಸಾರಜನಕದ ರೇಖೆಗಳನ್ನು ಜಲಜನಕದ ರೇಖೆಗಳ ಜತೆ ಹೋಲಿಸಿ ಈ ಎರಡನ್ನೂ ಬೇರ್ಪಡಿಸುವ ನಕ್ಷೆ ಕೊಟ್ಟರು. ಈಗಲೂ ನಾವೆಲ್ಲ ಬಳಸುವುದು ಅದನ್ನೇ.

ಆಮ್ಲಜನಕದ ಮಾತು ಬಂತಲ್ಲ. ಹಗಿನ್ಸ್ ಕಂಡ ರೇಖೆ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಇದು ಹೊಸ ಧಾತುವೇ ಇರಬೇಕೆಂದು ‘ನೆಬ್ಯುಲಿಯಂ’ ಎಂಬ ಹೆಸರನ್ನೂ ಇಟ್ಟರು. ಅರವತ್ತು ವರ್ಷಕ್ಕೂ ಮೇಲೆ, 1927ರಲ್ಲಿ ಐರಾ ಬೋವೆನ್ ಒಗಟು ಬಿಡಿಸಿದರು: ಅದು ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ. ಪ್ರಯೋಗಾಲಯದಲ್ಲಿ ನಾವು ಮಾಡಬಲ್ಲ ನಿರ್ವಾತಕ್ಕಿಂತ ತೆಳುವಾದ ಅನಿಲದಲ್ಲಿ ಮಾತ್ರ ಪರಮಾಣುಗಳಿಗೆ ಒಂದಕ್ಕೊಂದು ಡಿಕ್ಕಿ ಹೊಡೆಯದೆ ಆ ಬೆಳಕನ್ನು ಬಿಡುವಷ್ಟು ಪುರಸೊತ್ತು ಸಿಗುತ್ತದೆ. ಅದೇ ಅಯಾನಿನ ಇನ್ನೊಂದು ರೇಖೆ 88 ಮೈಕ್ರೋಮೀಟರಿನಲ್ಲಿದೆ. ಜೇಡ್ಸ್-ಜಿಎಸ್-ಝಡ್14-0 ಎಂಬ ಅತಿದೂರದ ಗೆಲಾಕ್ಸಿಯಲ್ಲಿ ಆ ರೇಖೆ ಸಿಕ್ಕಿದೆ ಎಂದು 2025ರಲ್ಲಿ ವರದಿಯಾಯಿತು. ಕಂಡುಹಿಡಿದದ್ದು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ದೂರದರ್ಶಕ. ನಾವು ನೋಡುತ್ತಿರುವ ಆ ಬೆಳಕು ಹೊರಟಾಗ ವಿಶ್ವದ ವಯಸ್ಸು 30 ಕೋಟಿ ವರ್ಷವೂ ಆಗಿರಲಿಲ್ಲ. ಆಮ್ಲಜನಕ ತಯಾರಾಗುವುದು ನಕ್ಷತ್ರಗಳ ಒಡಲಲ್ಲಿ. ಅಂದರೆ ಅಷ್ಟರೊಳಗೆ ಅಲ್ಲಿ ಭಾರಿ ನಕ್ಷತ್ರಗಳ ಒಂದು ತಲೆಮಾರಾದರೂ ಹುಟ್ಟಿ ಸತ್ತಾಗಿತ್ತು.

ಇನ್ನು ಚಲನೆಯ ವಿಷಯ. ಬೆಳಕಿನ ಮೂಲ ನಮ್ಮ ಕಡೆ ಬರುತ್ತಿದ್ದರೆ ರೇಖೆ ನೀಲಿಯ ಕಡೆ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆ. ಡಾಪ್ಲರ್ ಇದನ್ನು 1842ರಲ್ಲಿ ಹೇಳಿದಾಗ ನಂಬದವರಿದ್ದರು. ಡಚ್ ವಿಜ್ಞಾನಿ ಬೈಸ್ ಬಲ್ಲೋಟ್ 1845ರಲ್ಲಿ ಉತ್ರೆಕ್ಟ್ ಬಳಿಯ ರೈಲುಹಳಿಯಲ್ಲಿ ತುತ್ತೂರಿ ಊದುವವರನ್ನು ರೈಲಿಗೆ ಹತ್ತಿಸಿ, ಸ್ವರಜ್ಞಾನವಿದ್ದವರನ್ನು ಹಳಿಯ ಪಕ್ಕ ನಿಲ್ಲಿಸಿ ಪರೀಕ್ಷೆ ಮಾಡಿದ. ಗಾಡಿ ಹತ್ತಿರ ಬರುವಾಗ ಸ್ವರ ಏರಿತು, ದೂರ ಹೋಗುವಾಗ ಇಳಿಯಿತು. ನನಗೆ ಬಹಳ ಪ್ರಿಯವಾದ ಪ್ರಯೋಗ ಇದು: ಕಿವಿಯನ್ನೇ ಉಪಕರಣ ಮಾಡಿಕೊಂಡು ಒಂದು ಸಿದ್ಧಾಂತವನ್ನು ಒರೆಗೆ ಹಚ್ಚಿದರು.

ಬೆಳಕಿನಲ್ಲಿ ರೇಖೆ ಹೀಗೆ ಸರಿಯುವುದು ತೀರ ಸ್ವಲ್ಪ. ಅನಿಲ ಸೆಕೆಂಡಿಗೆ 200 ಕಿ.ಮೀ. ವೇಗದಲ್ಲಿ ದೂರ ಹೋಗುತ್ತಿದ್ದರೆ 656.3 ನ್ಯಾನೋಮೀಟರಿನ ರೇಖೆ 0.44 ನ್ಯಾನೋಮೀಟರಿನಷ್ಟು ಸರಿಯುತ್ತದೆ. ಅಷ್ಟನ್ನು ಅಳೆಯಬಲ್ಲ ಉಪಕರಣ ಬೇಕು, ತಾಳ್ಮೆಯೂ ಬೇಕು. ಅರಿಜೋನಾದ ಲೋವೆಲ್ ವೀಕ್ಷಣಾಲಯದಲ್ಲಿ ವೆಸ್ಟೋ ಸ್ಲೈಫರ್ 1912ರಲ್ಲಿ ಆಂಡ್ರೊಮಿಡಾ ನೀಹಾರಿಕೆಯ (ಈಗ ಗೆಲಾಕ್ಸಿ ಎನ್ನುವುದನ್ನು ಆಗ ಹಾಗೆ ಕರೆಯುತ್ತಿದ್ದರು) ರೋಹಿತವನ್ನು ರಾತ್ರಿಗಟ್ಟಲೆ ಒಂದೇ ಫಲಕದ ಮೇಲೆ ಹಿಡಿದು, ಅದು ಸೆಕೆಂಡಿಗೆ 300 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆ ಎಂದು ಅಳೆದರು. ಅದರಲ್ಲಿ ಹೆಚ್ಚಿನ ಪಾಲು ಸೂರ್ಯ ಆಕಾಶಗಂಗೆಯನ್ನು ಸುತ್ತುವ ವೇಗದ್ದು. ಅದನ್ನು ಕಳೆದರೆ ಎರಡು ಗೆಲಾಕ್ಸಿಗಳು ಹತ್ತಿರವಾಗುತ್ತಿರುವ ವೇಗ ಸುಮಾರು 110 ಕಿ.ಮೀ. 1914ರಲ್ಲಿ ಅವರೇ ಸೊಂಬ್ರೆರೊ ನೀಹಾರಿಕೆಯ ರೋಹಿತದಲ್ಲಿ ರೇಖೆಗಳು ಓರೆಯಾಗಿರುವುದನ್ನು ಗಮನಿಸಿದರು. ಒಂದು ತುದಿ ನಮ್ಮತ್ತ ಬರುತ್ತಿದೆ, ಇನ್ನೊಂದು ತುದಿ ದೂರ ಹೋಗುತ್ತಿದೆ, ಎಂದರೆ ಇಡೀ ನೀಹಾರಿಕೆ ತಿರುಗುತ್ತಿದೆ. ಅದು ನಮ್ಮ ಆಕಾಶಗಂಗೆಯ ಒಳಗಿನದೋ ಹೊರಗಿನದೋ ಎಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ, ತಿರುಗುತ್ತಿದೆ ಎಂಬುದು ಮಾತ್ರ ಮೊದಲೇ ಗೊತ್ತಾಯಿತು.

ಅದಕ್ಕೂ ಮೊದಲೇ, 1909ರ ಜನವರಿಯಲ್ಲಿ, ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ ಜಾನ್ ಎವರ್‌ಶೆಡ್ ಸೂರ್ಯನ ಕಲೆಗಳ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಇದೇ ಉಪಾಯದಿಂದ ಕಂಡುಹಿಡಿದಿದ್ದರು. ಆ ಹರಿವಿಗೆ ಇವತ್ತಿಗೂ ಅವರದೇ ಹೆಸರು. ಕೊಡೈಕೆನಾಲ್ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಂಗ. ಸೂರ್ಯನ ಅನಿಲದಿಂದ ಗೆಲಾಕ್ಸಿಯ ಅನಿಲಕ್ಕೆ ದೂರ ಬಹಳವಿದೆ, ವಿಧಾನ ಮಾತ್ರ ಒಂದೇ.

ತಿರುಗುವಿಕೆಯ ಕಥೆಯಲ್ಲಿ ವೆರಾ ರೂಬಿನ್ ಹೆಸರು ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 1970ರಲ್ಲಿ ಅವರೂ ಕೆಂಟ್ ಫೋರ್ಡ್ ಅವರೂ ಆಂಡ್ರೊಮಿಡಾದ 67 ಹೊಳೆಯುವ ಅನಿಲ ಪ್ರದೇಶಗಳ ವೇಗವನ್ನು ಅಳೆದರು. ನಡುವಿನಿಂದ ದೂರ ಹೋದಂತೆ ವೇಗ ಇಳಿಯುತ್ತದೆ ಎಂಬ ನಿರೀಕ್ಷೆಯಿತ್ತು. ಇಳಿಯಲಿಲ್ಲ. ಮುಂದೆ ಬೇರೆ ಗೆಲಾಕ್ಸಿಗಳಲ್ಲೂ ಇದೇ ಕಂಡಿತು, ರೇಡಿಯೊ ದೂರದರ್ಶಕಗಳು ಇನ್ನೂ ಹೊರಗಿನ ಅನಿಲದಲ್ಲೂ ಇದನ್ನೇ ತೋರಿಸಿದವು. ಕಾಣದ ದ್ರವ್ಯ ಇದೆ ಎಂಬ ವಾದಕ್ಕೆ ಬಲ ಬಂದದ್ದು ಹೀಗೆ. ಇದನ್ನೇ ಹಿಡಿದುಕೊಂಡು ಹೊರಟರೆ ಇನ್ನೊಂದು ಉಪನ್ಯಾಸ ಬೇಕಾಗುತ್ತದೆ.

ಆ ಕಾಲದಲ್ಲೆಲ್ಲ ಒಂದು ಸಲಕ್ಕೆ ಒಂದು ಸೀಳು. ರೋಹಿತದರ್ಶಕದ ಮುಂದೆ ಕಿರಿದಾದ ಕಂಡಿ ಇಟ್ಟು, ಅದರೊಳಗೆ ಬಿದ್ದ ಬೆಳಕನ್ನಷ್ಟೇ ಬಿಡಿಸಿ ನೋಡುತ್ತಿದ್ದರು. ಗೆಲಾಕ್ಸಿಯ ಉಳಿದ ಭಾಗ ಕಂಡಿಯ ಆಚೆಗೇ ಉಳಿಯುತ್ತಿತ್ತು. ಈಗ ಚಿತ್ರದ ಒಂದೊಂದು ಚುಕ್ಕೆಗೂ ಒಂದೊಂದು ರೋಹಿತ ತೆಗೆಯುವ ಉಪಕರಣಗಳಿವೆ. ಚಿಲಿಯ ಪರನಾಲ್ ಬೆಟ್ಟದ ಮೇಲೆ 2014ರಿಂದ ಕೆಲಸ ಮಾಡುತ್ತಿರುವ ಮ್ಯೂಸ್ ಎಂಬ ಉಪಕರಣ ಒಂದೇ ಸಲಕ್ಕೆ ಸುಮಾರು 90,000 ರೋಹಿತಗಳನ್ನು ಹಿಡಿಯುತ್ತದೆ. ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟಿನಲ್ಲಿ ನಡೆದ ಮ್ಯಾಂಗಾ ಸಮೀಕ್ಷೆ 2014ರಿಂದ 2020ರ ಒಳಗೆ ಸುಮಾರು ಹತ್ತು ಸಾವಿರ ಗೆಲಾಕ್ಸಿಗಳನ್ನು ಹೀಗೆ ಬಿಡಿಸಿ ನೋಡಿತು. ಆಕಾಶದಲ್ಲಿ ಗೆಲಾಕ್ಸಿ ಎಲ್ಲೆಲ್ಲಿದೆಯೋ ಅಲ್ಲಲ್ಲಿಗೆ ಸರಿಯಾಗಿ ಲೋಹದ ಫಲಕದಲ್ಲಿ ತೂತು ಕೊರೆದು, ತೂತುಗಳಿಗೆ ಗಾಜಿನ ಎಳೆಗಳ ಕಟ್ಟುಗಳನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಆ ದತ್ತಾಂಶವೆಲ್ಲ ಸಾರ್ವಜನಿಕ. ಇಲ್ಲಿ ಕುಳಿತಿರುವ ಬಿ.ಎಸ್ಸಿ. ವಿದ್ಯಾರ್ಥಿಗಳು ಇವತ್ತು ರಾತ್ರಿಯೇ ಒಂದು ಗೆಲಾಕ್ಸಿಯನ್ನು ಇಳಿಸಿಕೊಂಡು ಎಚ್-ಆಲ್ಫಾ ಎಲ್ಲಿಗೆ ಸರಿದಿದೆ ಎಂದು ನೋಡಬಹುದು, ದಯವಿಟ್ಟು ನೋಡಿ. ನಮ್ಮಲ್ಲಿಯೇ ಆದರೆ, ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ರೋಹಿತದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ.

ಇಲ್ಲಿಯವರೆಗೆ ಹೇಳಿದ್ದು ಬಿಸಿ ಅನಿಲದ ಮಾತು. ನಕ್ಷತ್ರ ಹುಟ್ಟುವುದು ತಣ್ಣಗಿನ ಅನಿಲದಿಂದ, ಅದರ ಬಹುಪಾಲು ಜಲಜನಕದ ಅಣುಗಳು. ದುರದೃಷ್ಟಕ್ಕೆ, ಶೂನ್ಯಕ್ಕಿಂತ ಇನ್ನೂರೈವತ್ತು ಡಿಗ್ರಿಗೂ ಕೆಳಗಿರುವ ಜಲಜನಕದ ಅಣು ಬೆಳಕು ಬಿಡುವುದೇ ಇಲ್ಲ ಎನ್ನಬಹುದು. ದಾರಿ ತೋರಿಸಿದ್ದು ಅದರ ಜತೆ ಸ್ವಲ್ಪ ಬೆರೆತಿರುವ ಕಾರ್ಬನ್ ಮಾನಾಕ್ಸೈಡ್. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆಂಜಿಯಾಸ್ ಮೂವರು ಒರಾಯನ್ ನೀಹಾರಿಕೆಯಲ್ಲಿ ಅದರ 2.6 ಮಿಲಿಮೀಟರ್ ರೇಖೆಯನ್ನು ಕಂಡರು. ಆಮೇಲೆ ಆಕಾಶಗಂಗೆಯ ತುಂಬ ಅಣುಮೋಡಗಳು ಕಾಣತೊಡಗಿದವು.

ಕಂಡ ಕೂಡಲೇ ಒಂದು ಲೆಕ್ಕ ತಾಳೆಯಾಗಲಿಲ್ಲ. ಆಕಾಶಗಂಗೆಯಲ್ಲಿ ಹೆಚ್ಚುಕಡಿಮೆ ನೂರು ಕೋಟಿ ಸೂರ್ಯರಷ್ಟು ಅಣು ಅನಿಲವಿದೆ. ಬೇರೇನೂ ಅಡ್ಡಿಯಿಲ್ಲದಿದ್ದರೆ ಇಂಥ ಮೋಡ ತನ್ನ ಭಾರಕ್ಕೇ ಕುಸಿಯಲು ಕೆಲವು ಮಿಲಿಯ ವರ್ಷ, ಅಂದರೆ ಕೆಲವು ಹತ್ತು ಲಕ್ಷ ವರ್ಷ ಸಾಕು. ಭಾಗಿಸಿ ನೋಡಿ: ವರ್ಷಕ್ಕೆ ನೂರಾರು ಸೂರ್ಯರು ಹುಟ್ಟಬೇಕು. ಹುಟ್ಟುತ್ತಿರುವುದು ಒಂದೆರಡು. 1974ರಲ್ಲಿ ಜುಕರ್‌ಮನ್ ಮತ್ತು ಇವಾನ್ಸ್ ಈ ಅಂತರವನ್ನು ಎತ್ತಿ ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ನಕ್ಷತ್ರ ಜನನದ ಸಂಶೋಧನೆಯ ದೊಡ್ಡ ಪಾಲು ಈ ನೂರು ಪಟ್ಟಿನ ಅಂತರಕ್ಕೆ ಕಾರಣ ಹುಡುಕುವುದರಲ್ಲಿ ಕಳೆದಿದೆ.

ಮೊದಲ ಸುಳಿವು ಸಿಕ್ಕಿದ್ದು ರೇಖೆಯ ಅಗಲದಲ್ಲಿ. ರೇಖೆ ಎಲ್ಲಿದೆ ಎಂಬುದು ಒಟ್ಟಾರೆ ವೇಗವನ್ನು ಹೇಳುತ್ತದೆ. ರೇಖೆ ಎಷ್ಟು ಅಗಲವಾಗಿದೆ ಎಂಬುದು ಅನಿಲ ಒಳಗೊಳಗೇ ಎಷ್ಟು ಕಲಕುತ್ತಿದೆ ಎಂದು ಹೇಳುತ್ತದೆ. ಅಷ್ಟು ತಣ್ಣಗಿನ ಮೋಡದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.2 ಕಿಲೋಮೀಟರ್. ಆದರೆ ಮೋಡಗಳ ರೇಖೆಯ ಅಗಲ ಸೆಕೆಂಡಿಗೆ ಹಲವು ಕಿಲೋಮೀಟರ್. ಮೋಡದ ಒಂದು ಭಾಗ ಇನ್ನೊಂದರ ಮೇಲೆ ಶಬ್ದಕ್ಕಿಂತ ಹತ್ತು ಪಟ್ಟು ವೇಗದಲ್ಲಿ ಎರಗುತ್ತಿದೆ. ಮೋಡ ದೊಡ್ಡದಾದಷ್ಟೂ ಕಲಕು ಹೆಚ್ಚು ಎಂದು 1981ರಲ್ಲಿ ರಿಚರ್ಡ್ ಲಾರ್ಸನ್ ತೋರಿಸಿದರು. ಈ ಕಲಕು ಗುರುತ್ವವನ್ನು ತಡೆಯುತ್ತದೆ. ಅಲ್ಲಲ್ಲಿ ಅನಿಲವನ್ನು ಒತ್ತಿ ದಟ್ಟಗೊಳಿಸಿ ನಕ್ಷತ್ರಕ್ಕೆ ಜಾಗ ಮಾಡಿಕೊಡುವುದೂ ಇದೇ.

ಎರಡನೇ ಸುಳಿವು ಇನ್ನೂ ಈಚಿನದು, ನನಗೆ ಬಹಳ ಹಿಡಿಸಿದ್ದು. ಎನ್‌ಜಿಸಿ 300 ಎಂಬ ಗೆಲಾಕ್ಸಿ ಸುಮಾರು 60 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು: ಒಂದು ಕಾರ್ಬನ್ ಮಾನಾಕ್ಸೈಡಿನದು, ತಣ್ಣಗಿನ ಮೋಡಗಳು ಎಲ್ಲಿವೆ ಎಂದು ತೋರಿಸುವುದು, ಇನ್ನೊಂದು ಎಚ್-ಆಲ್ಫಾದ್ದು, ಹೊಸ ನಕ್ಷತ್ರಗಳು ಎಲ್ಲಿವೆ ಎಂದು ತೋರಿಸುವುದು. ದೂರದಿಂದ ನೋಡಿದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಹತ್ತಿರದಿಂದ ನೋಡಿದರೆ ಕೂರುವುದಿಲ್ಲ. ಮೋಡ ಇರುವಲ್ಲಿ ಎಚ್-ಆಲ್ಫಾ ಇಲ್ಲ, ಎಚ್-ಆಲ್ಫಾ ಇರುವಲ್ಲಿ ಮೋಡ ಇಲ್ಲ. ಎರಡೂ ಇರುವ ಜಾಗ ಕಡಿಮೆ. ಅಂದರೆ ಎರಡೂ ಜತೆಗಿರುವ ಕಾಲವೇ ಕಡಿಮೆ. ಈ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಒಂದು ಮೋಡ ಸುಮಾರು ಒಂದು ಕೋಟಿ ವರ್ಷ ಬದುಕುತ್ತದೆ. ಅದರ ಒಡಲಲ್ಲಿ ಭಾರಿ ನಕ್ಷತ್ರಗಳು ಬೆಳಗಿದ ಮೇಲೆ ಸುಮಾರು 15 ಲಕ್ಷ ವರ್ಷದಲ್ಲಿ ಚದುರಿಹೋಗುತ್ತದೆ. ಅಷ್ಟರಲ್ಲಿ ನಕ್ಷತ್ರವಾದದ್ದು ನೂರಕ್ಕೆ ಎರಡು ಮೂರು ಪಾಲು. ಭಾರಿ ನಕ್ಷತ್ರ ಸಾಯುವಾಗ ಆಗುವ ಸ್ಫೋಟ, ಸೂಪರ್ನೋವಾ, ಒಂದೂ ಸಿಡಿಯುವ ಮೊದಲೇ ನಕ್ಷತ್ರಗಳ ಬೆಳಕು ಮತ್ತು ಅವು ಊದುವ ಗಾಳಿ ಸೇರಿ ಮೋಡವನ್ನು ಒಡೆದುಹಾಕಿರುತ್ತವೆ. ಆಮೇಲೆ ಆಲ್ಮಾ ಬಳಸಿ 90 ಗೆಲಾಕ್ಸಿಗಳಲ್ಲಿ ಒಂದು ಲಕ್ಷದಷ್ಟು ಮೋಡಗಳನ್ನು ಗುರುತಿಸಿದ ಫ್ಯಾಂಗ್ಸ್ ತಂಡದವರು ಇನ್ನಷ್ಟು ಗೆಲಾಕ್ಸಿಗಳಲ್ಲೂ ಇಂಥದೇ ಚಿತ್ರ ಕಂಡರು: ಮೋಡಗಳ ಆಯುಸ್ಸು ಒಂದರಿಂದ ಮೂರು ಕೋಟಿ ವರ್ಷ, ನಕ್ಷತ್ರವಾಗುವ ಪಾಲು ನೂರಕ್ಕೆ ಹತ್ತರೊಳಗೆ. ಉಳಿದ ಅನಿಲ ಮತ್ತೆ ಹರಡಿಕೊಂಡು, ಮತ್ತೆಲ್ಲೋ ಸೇರಿ, ಇನ್ನೊಂದು ಮೋಡವಾಗುತ್ತದೆ.

ಈಗ ಎಂ82ಕ್ಕೆ ಬರೋಣ. ಅಲ್ಲಿ ನಡುಭಾಗದ ಸಣ್ಣ ಜಾಗದಲ್ಲಿ ಆಕಾಶಗಂಗೆ ಇಡೀ ಮಾಡುವುದಕ್ಕಿಂತ ಹಲವು ಪಟ್ಟು ವೇಗದಲ್ಲಿ ನಕ್ಷತ್ರಗಳು ಹುಟ್ಟುತ್ತಿವೆ. ಅಷ್ಟು ಅನಿಲ ಅಲ್ಲಿ ಯಾಕೆ ಸೇರಿತು? ಉತ್ತರ ಕೊಟ್ಟದ್ದು ಜಲಜನಕ ಪರಮಾಣುವಿನ 21 ಸೆಂಟಿಮೀಟರ್ ರೇಡಿಯೊ ರೇಖೆ. ಹಾಲೆಂಡಿನ ವಾನ್ ಡೆ ಹುಲ್ಸ್ಟ್ 1944ರಲ್ಲಿ ಅದು ಇರಬೇಕು ಎಂದು ಊಹಿಸಿದರು, 1951ರಲ್ಲಿ ಹಾರ್ವರ್ಡಿನ ಇವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಮಾಮೂಲು ಫೋಟೋದಲ್ಲಿ ಎಂ82, ಅದರ ನೆರೆಯ ಎಂ81, ಎನ್‌ಜಿಸಿ 3077 ಮೂರೂ ಬೇರೆ ಬೇರೆ, ನಡುವೆ ಕತ್ತಲೆ. 1994ರಲ್ಲಿ ನ್ಯೂ ಮೆಕ್ಸಿಕೋದ ವಿಎಲ್‌ಎ ರೇಡಿಯೊ ದೂರದರ್ಶಕದಿಂದ 21 ಸೆಂಟಿಮೀಟರಿನಲ್ಲಿ ಮಾಡಿದ ನಕ್ಷೆಯಲ್ಲಿ ಮೂರನ್ನೂ ಕೂಡಿಸುವ ಅನಿಲದ ಸೇತುವೆಗಳು ಕಂಡವು. ಹಿಂದೆ ಮೂರೂ ಒಂದರ ಪಕ್ಕ ಒಂದು ಹಾದುಹೋಗಿವೆ. ಆ ಎಳೆದಾಟದಲ್ಲಿ ಅನಿಲ ತನ್ನ ಸುತ್ತಾಟದ ದಾರಿ ತಪ್ಪಿ ಎಂ82ರ ನಡುವಿಗೆ ಸುರಿದಿದೆ.

ಸುರಿದದ್ದರಲ್ಲಿ ಒಂದು ಪಾಲು ಈಗ ಹೊರಕ್ಕೆ ಹೋಗುತ್ತಿದೆ. 1963ರಲ್ಲಿ ಲಿಂಡ್ಸ್ ಮತ್ತು ಸ್ಯಾಂಡೇಜ್ ಆ ಕೆಂಪು ಎಳೆಗಳ ರೋಹಿತ ತೆಗೆದು, ಅನಿಲ ನಡುವಿನಿಂದ ಸಿಡಿದು ಹೊರಬರುತ್ತಿದೆ ಎಂದು ವಾದಿಸಿದರು. ಮುಂದೆ ಇನ್ನೂ ಸೂಕ್ಷ್ಮವಾಗಿ ನೋಡಿದಾಗ ತಟ್ಟೆಯ ಮೇಲುಗಡೆ ಎಚ್-ಆಲ್ಫಾ ಒಂದೇ ರೇಖೆಯಾಗಿರದೆ ಎರಡಾಗಿ ಒಡೆದದ್ದು ಕಂಡಿತು. ಇದು ಏನು ಹೇಳುತ್ತದೆ ಎಂದು ಒಂದು ಕ್ಷಣ ಯೋಚಿಸಿ. ನಮ್ಮ ನೋಟದ ಸಾಲಿನಲ್ಲಿ ಅನಿಲದ ಎರಡು ಗೋಡೆಗಳಿವೆ, ಮುಂದಿನದು ನಮ್ಮ ಕಡೆ ಬರುತ್ತಿದೆ, ಹಿಂದಿನದು ದೂರ ಹೋಗುತ್ತಿದೆ. ನಡುವೆ ಟೊಳ್ಳು. ಅಂದರೆ ಹೊಳೆಯುವ ಅನಿಲವಿರುವುದು ಒಂದು ಶಂಕುವಿನ ಗೋಡೆಯ ಮೇಲೆ. ಒಳಗೆ ಸೂಪರ್ನೋವಾಗಳು ಕಾಯಿಸಿದ ಇನ್ನೂ ಬಿಸಿಯ ಅನಿಲ ರಭಸವಾಗಿ ಹೊರಡುತ್ತ ಆ ಗೋಡೆಗಳನ್ನು ಸವರಿಕೊಂಡು ಹೋಗುತ್ತಿದೆ. ಎಕ್ಸ್-ಕಿರಣದ ಚಿತ್ರಗಳಲ್ಲಿ ಆ ಬಿಸಿ ಅನಿಲವೂ ಕಾಣುತ್ತದೆ. ಶಂಕುವಿನ ಓರೆಯನ್ನು ಗಣನೆಗೆ ತೆಗೆದುಕೊಂಡರೆ ಎಳೆಗಳ ನಿಜ ವೇಗ ಸೆಕೆಂಡಿಗೆ ಸುಮಾರು 600 ಕಿ.ಮೀ. ಮೊದಲಲ್ಲಿ ನಾನು ಹಿಡಿದ ಅಂಕಿ ಅದೇ.

ಅನಿಲವನ್ನು ಹೊರಗಿನಿಂದ ಕಿತ್ತುಕೊಳ್ಳುವುದೂ ಉಂಟು. ಏಬೆಲ್ 85 ಎಂಬ ಗೆಲಾಕ್ಸಿ ಗುಚ್ಛದೊಳಗೆ ಜೆಒ201 ಎಂಬ ಗೆಲಾಕ್ಸಿ ಸೆಕೆಂಡಿಗೆ 3,000 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಬೀಳುತ್ತಿದೆ, ಬಹುಪಾಲು ನಮ್ಮ ನೋಟದ ಸಾಲಿನಲ್ಲೇ. ಗುಚ್ಛದ ತುಂಬ ಬಿಸಿ ಅನಿಲವಿದೆ. ಅದರ ಒತ್ತಡಕ್ಕೆ ಸಿಕ್ಕಿ ಗೆಲಾಕ್ಸಿಯ ಸ್ವಂತ ಅನಿಲ ಹಿಂದಕ್ಕೆ ಬಾಲವಾಗಿ ಹರಿದುಹೋಗುತ್ತಿದೆ. ಇಂಥವನ್ನು ಲೋಳೆಮೀನು ಗೆಲಾಕ್ಸಿಗಳು ಎನ್ನುತ್ತಾರೆ. ಮ್ಯೂಸ್ ರೋಹಿತಗಳಲ್ಲಿ ತಟ್ಟೆಯ ನಕ್ಷತ್ರಗಳದ್ದು ಒಂದು ವೇಗ, ಅನಿಲದ್ದು ಇನ್ನೊಂದು. ನಕ್ಷತ್ರಗಳು ತಮ್ಮ ಪಾಡಿಗೆ ತಿರುಗುತ್ತಲೇ ಇವೆ, ಅನಿಲ ಅವುಗಳ ನಡುವಿನಿಂದಲೇ ಕಿತ್ತುಹೋಗುತ್ತಿದೆ. ಆಶ್ಚರ್ಯವೆಂದರೆ ಹಾಗೆ ಕಿತ್ತುಹೋದ ಬಾಲದಲ್ಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ಅವುಗಳ ನೇರಳಾತೀತ ಬೆಳಕನ್ನು ನೋಡಿದ್ದು 2015ರಲ್ಲಿ ಹಾರಿಸಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕ. ಅದನ್ನು ಜೋಡಿಸಿದ್ದು ಕೂಡ ಹೊಸಕೋಟೆಯ ಆವರಣದಲ್ಲೇ.

ಇಷ್ಟನ್ನೂ ಒಟ್ಟಿಗೆ ನೋಡುವುದಕ್ಕೆ ನಮ್ಮ ಊರಿನ ಕೆರೆಗಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆದಿಲ್ಲ. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಬರೀ ಕೆರೆ ನೋಡಿ ಅರ್ಥಮಾಡಿಕೊಳ್ಳಲಾಗದು. ಹಳ್ಳದಿಂದ ಎಷ್ಟು ಬರುತ್ತಿದೆ, ತೂಬಿನಿಂದ ಗದ್ದೆಗೆ ಎಷ್ಟು ಹೋಗುತ್ತಿದೆ, ಕೋಡಿ ಬಿದ್ದು ಎಷ್ಟು ಹರಿಯುತ್ತಿದೆ, ಮೂರೂ ತಿಳಿಯಬೇಕು. ಗೆಲಾಕ್ಸಿಯಲ್ಲಿ ನಕ್ಷತ್ರಗಳಾಗುವುದು ತೂಬಿನ ನೀರು, ಎಂ82ರ ಎಳೆಗಳು ಕೋಡಿಯ ನೀರು. ಈ ಎರಡನ್ನು ಅಳೆಯುವುದನ್ನು ಚೆನ್ನಾಗಿ ಕಲಿತಿದ್ದೇವೆ. ಕಷ್ಟ ಇರುವುದು ಬರುವ ನೀರಿನಲ್ಲಿ.

ಬರಲೇಬೇಕು ಎನ್ನುವುದಕ್ಕೆ ಲೆಕ್ಕವೇ ಸಾಕ್ಷಿ. ನಮ್ಮ ಸುತ್ತಲಿನ ಗೆಲಾಕ್ಸಿಗಳಲ್ಲಿ ಈಗಿರುವ ಅಣು ಅನಿಲ, ಈಗಿನ ವೇಗದಲ್ಲೇ ಖರ್ಚಾದರೆ, ಸುಮಾರು 200 ಕೋಟಿ ವರ್ಷಕ್ಕೆ ಮುಗಿಯುತ್ತದೆ. ಆದರೆ ಈ ಗೆಲಾಕ್ಸಿಗಳು ಸಾವಿರ ಕೋಟಿ ವರ್ಷಗಳಿಂದ ನಕ್ಷತ್ರ ಹುಟ್ಟಿಸುತ್ತಲೇ ಇವೆ. ಇಡೀ ವಿಶ್ವದ ಲೆಕ್ಕ ತೆಗೆದರೆ, ಸುಮಾರು ಸಾವಿರ ಕೋಟಿ ವರ್ಷ ಹಿಂದೆ ನಕ್ಷತ್ರ ಜನನ ಉತ್ತುಂಗದಲ್ಲಿತ್ತು, ಈಗ ಅದರ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಯಾಕೆ ಇಳಿಯಿತು?

ಪುಣೆಯ ಉತ್ತರಕ್ಕೆ, ಖೋಡದ ಹಳ್ಳಿಯ ಸುತ್ತ ಹರಡಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಈ ಪ್ರಶ್ನೆಗೆ ಕೈಹಾಕಿತು. 45 ಮೀಟರ್ ಅಗಲದ 30 ಬಾನುಲಿ ತಟ್ಟೆಗಳು ಅಲ್ಲಿವೆ. ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪರ ಕನಸಿನಿಂದ ಎದ್ದದ್ದು. ಸುಮಾರು 800 ಕೋಟಿ ವರ್ಷ ಹಿಂದಿನ ಗೆಲಾಕ್ಸಿಗಳ 21 ಸೆಂಟಿಮೀಟರ್ ರೇಖೆ ನಮ್ಮನ್ನು ತಲುಪುವಷ್ಟರಲ್ಲಿ ವಿಶ್ವದ ಹಿಗ್ಗುವಿಕೆಯಿಂದ 42 ಸೆಂಟಿಮೀಟರಾಗಿರುತ್ತದೆ. ಒಂದೊಂದೇ ಗೆಲಾಕ್ಸಿಯಲ್ಲಿ ಅದನ್ನು ಹಿಡಿಯಲಾಗದಷ್ಟು ಅದು ಕ್ಷೀಣ. ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದು ಉಪಾಯ ಮಾಡಿದರು. ಬೆಳಕಿನ ರೋಹಿತದಿಂದ ದೂರ ಖಚಿತವಾಗಿ ತಿಳಿದಿದ್ದ 7,653 ಗೆಲಾಕ್ಸಿಗಳನ್ನು ಆರಿಸಿ, ಒಂದೊಂದರ ರೇಖೆ ಎಲ್ಲಿ ಬೀಳಬೇಕೋ ಅಲ್ಲಿಗೆ ಸರಿಯಾಗಿ ಜೋಡಿಸಿ, ಎಲ್ಲವನ್ನೂ ಕೂಡಿ ಸರಾಸರಿ ತೆಗೆದರು. ಗದ್ದಲ ಒಂದನ್ನೊಂದು ಅಳಿಸಿತು, ರೇಖೆ ಎದ್ದು ನಿಂತಿತು. 2020ರ ಅಕ್ಟೋಬರಿನಲ್ಲಿ ಪ್ರಕಟವಾದ ಈ ಕೆಲಸ ನನ್ನ ಮಟ್ಟಿಗೆ ನಮ್ಮ ದೇಶದ ಖಗೋಳ ವಿಜ್ಞಾನದ ಅತ್ಯಂತ ಸೊಗಸಾದ ಅಳತೆಗಳಲ್ಲಿ ಒಂದು. ಆ ಗೆಲಾಕ್ಸಿಗಳಲ್ಲಿ ಜಲಜನಕ ಧಾರಾಳವಾಗಿತ್ತು, ಆದರೆ ಅವು ಅದನ್ನು ಖರ್ಚು ಮಾಡುತ್ತಿದ್ದ ವೇಗಕ್ಕೆ ಅದು ನೂರರಿಂದ ಇನ್ನೂರು ಕೋಟಿ ವರ್ಷಕ್ಕಷ್ಟೇ ಸಾಕು. ಹೊರಗಿನಿಂದ ಬರುವ ಅನಿಲ ಆ ಖರ್ಚಿಗೆ ಸಮನಾಗದ್ದರಿಂದ ನಕ್ಷತ್ರ ಜನನ ಇಳಿಮುಖವಾಯಿತು ಎಂಬುದು ಅವರ ವಿವರಣೆ.

ಹಾಗಾದರೆ ಬರುವ ಅನಿಲವನ್ನು ನೇರವಾಗಿ ನೋಡಲಾಗದೇ? ಹೊರಹೋಗುವುದನ್ನು ನೋಡುವುದು ಸುಲಭ: ಗೆಲಾಕ್ಸಿಯ ಬೆಳಕಿನ ಮುಂದೆ ನಿಂತ ಸೋಡಿಯಂನಂಥ ಧಾತುಗಳ ಕಪ್ಪು ರೇಖೆ ನೀಲಿಯ ಕಡೆ ಸರಿದಿದ್ದರೆ ಆ ಅನಿಲ ಗೆಲಾಕ್ಸಿಯಿಂದ ನಮ್ಮತ್ತ ಹೊರಬರುತ್ತಿದೆ. ಒಳಬರುವುದು ಕೆಂಪಿನ ಕಡೆ ಸರಿಯಬೇಕು. ಅಂಥ ಉದಾಹರಣೆಗಳು ಇವೆ, ಆದರೆ ತೀರ ಕಡಿಮೆ. ಒಳಬರುವ ಅನಿಲ ಎಲ್ಲ ಕಡೆಯಿಂದಲೂ ಬರುವುದಿಲ್ಲ, ತೆಳುವಾದ ಧಾರೆಗಳಲ್ಲಿ ಬರುತ್ತದೆ ಎಂದು ಕಂಪ್ಯೂಟರ್ ಲೆಕ್ಕಾಚಾರಗಳು ಹೇಳುತ್ತವೆ. ನಮ್ಮ ನೋಟದ ಸಾಲು ಆ ಧಾರೆಯ ಮೇಲೇ ಬೀಳಬೇಕು. ಅದರ ವೇಗವೂ ಕಡಿಮೆ, ಗೆಲಾಕ್ಸಿಯ ತಿರುಗುವಿಕೆಯೊಳಗೆ ಕಲೆತುಹೋಗುತ್ತದೆ. ಮೇಲಾಗಿ ಅದು ಇನ್ನೂ ನಕ್ಷತ್ರಗಳ ಒಡಲು ಸೇರದ ಅನಿಲ, ಅದರಲ್ಲಿ ಸೋಡಿಯಂ, ಆಮ್ಲಜನಕದಂಥ ಧಾತುಗಳು ಕಡಿಮೆ. ನಾವು ಹುಡುಕುವ ರೇಖೆಗಳೇ ಅದರಲ್ಲಿ ಮಂಕು.

ಈ ಕೆಲಸಕ್ಕೆ ಈಗ ಕಾಯುತ್ತಿರುವುದು ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಕಟ್ಟುತ್ತಿರುವ ಎಸ್‌ಕೆಎ ರೇಡಿಯೊ ದೂರದರ್ಶಕಕ್ಕೆ. ಭಾರತವೂ ಅದರಲ್ಲಿ ಪಾಲುದಾರ. ಕರೂವಿನಲ್ಲಿ ಒಟ್ಟು 197 ತಟ್ಟೆಗಳು ನಿಲ್ಲಲಿವೆ. ಇವತ್ತು ಸಾವಿರಾರು ಗೆಲಾಕ್ಸಿಗಳ ಸರಾಸರಿಯಾಗಿ ಮಾತ್ರ ಸಿಗುವ ಆ ದೂರದ 21 ಸೆಂಟಿಮೀಟರ್ ರೇಖೆಯನ್ನು ಅದು ಒಂದೊಂದು ಗೆಲಾಕ್ಸಿಯಲ್ಲೂ ಬೇರೆ ಬೇರೆಯಾಗಿ ಹಿಡಿಯಬೇಕು ಎಂಬುದು ಉದ್ದೇಶ. ಹಾಗೆ ಹಿಡಿದಾಗ ಮೊದಲು ನೋಡಬೇಕಾದದ್ದು ರೇಖೆಯ ಎತ್ತರವನ್ನಲ್ಲ, ಅದರ ಎರಡು ಅಂಚುಗಳನ್ನು: ಗೆಲಾಕ್ಸಿಯ ತಿರುಗುವಿಕೆಗೆ ಹೊಂದದ ವೇಗದಲ್ಲಿ, ಅಂಚಿನ ಆಚೆಗೆ ಸಣ್ಣದಾಗಿ ಚಾಚಿಕೊಂಡಿರುವ ಅನಿಲ ಯಾವ ಕಡೆಯಲ್ಲಿದೆ, ಎಷ್ಟಿದೆ ಎಂದು.